ಕರೆ ಮಾಡುವಾಗ ನಮ್ಮ ನಂಬರು ಮರೆಸಬಹುದೇ?

ಅಡಿಕೆ ಸುಲಿದು ಮುಗಿದು, ಕಾಫಿ ಕಣದಿಂದ ಗೋದಾಮಿಗೆ ಸೇರುವ ಹೊತ್ತಿಗೆ ನಮ್ಮ ಸದಸ್ಯರ ಕೈಯಲ್ಲಿ ಫೋನಿಗೆ ಬಿಡುವಿರುವುದಿಲ್ಲ. ಇಂದಿನ ಚಾಲಿ ದರ ಎಷ್ಟು, ಪಾರ್ಚ್‌ಮೆಂಟಿಗೆ ಯಾರು ಎಷ್ಟು ಹೇಳಿದರು ಎಂದು ನಾಲ್ಕಾರು ಕಡೆ ವಿಚಾರಿಸದೆ ಮಾಲು ಬಿಡುವವರು ಈಗ ಕಡಿಮೆ. ಹೀಗೆ ವಿಚಾರಿಸುವುದು ಒಳ್ಳೆಯದೇ. ಆದರೆ ಇದರ ಬೆನ್ನಿಗೇ ಒಂದು ಕಿರಿಕಿರಿಯೂ ಬಂದಿದೆ. ಒಮ್ಮೆ ದರ ಕೇಳಿದರೆ ಸಾಕು, ನಮ್ಮ ನಂಬರು ಆ ಕಡೆ ಉಳಿದುಬಿಡುತ್ತದೆ. ಆಮೇಲೆ ವ್ಯಾಪಾರಿಯಿಂದ, ಅವನ ದಲ್ಲಾಳಿಯಿಂದ, ದಲ್ಲಾಳಿಯ ಪರಿಚಯದವರಿಂದ ಹೊತ್ತುಗೊತ್ತಿಲ್ಲದೆ ಕರೆಗಳು ಬರತೊಡಗುತ್ತವೆ.

ಯಜಮಾನರು ತೀರಿಕೊಂಡ ಮೇಲೆ ತೋಟವನ್ನು ತಾವೇ ನಡೆಸುತ್ತಿರುವ ಸದಸ್ಯೆಯೊಬ್ಬರು ಇತ್ತೀಚೆಗೆ ನಮ್ಮ ಕಚೇರಿಗೆ ಬಂದಿದ್ದಾಗ ಹೀಗೆ ಕೇಳಿದರು: "ದರ ವಿಚಾರಿಸಲು ನಾನೇ ಫೋನು ಮಾಡಬೇಕು, ಬೇರೆ ಜನ ಇಲ್ಲ. ಆದರೆ ರಾತ್ರಿ ಹತ್ತು ಗಂಟೆಗೆ ಗುರುತಿಲ್ಲದವರ ಕರೆ ಬಂದರೆ ಏನು ಮಾಡುವುದು? ನನ್ನ ನಂಬರು ಕಾಣದಂತೆ ಮಾತಾಡುವ ಉಪಾಯ ಉಂಟೇ?" ಅಮೆರಿಕದಲ್ಲಿರುವ ಅವರ ತಂಗಿಯ ಮಗ, ನಂಬರಿನ ಮೊದಲು ಏನೋ ಒಂದು ಸಂಕೇತ ಒತ್ತಿದರೆ ಆಗುತ್ತದೆ ಎಂದು ಹೇಳಿದ್ದನಂತೆ. ಇವರು ಇಲ್ಲಿ ಒತ್ತಿ ನೋಡಿದರೆ ಕರೆಯೇ ಹೋಗಲಿಲ್ಲವಂತೆ.

ಇದೇ ಪ್ರಶ್ನೆಯನ್ನು ಬೇರೆ ಸದಸ್ಯರೂ ಕೇಳಿದ್ದುಂಟು. ಆದಕಾರಣ ನಂಬರು ಕಾಣುವುದು ಹೇಗೆ, ಅದನ್ನು ಮರೆಸಲು ಸಾಧ್ಯವೇ, ನಮ್ಮ ದೇಶದ ನಿಯಮ ಏನು, ಮರೆಸಲಾಗದಿದ್ದರೆ ಬೇರೆ ದಾರಿ ಯಾವುದು ಎಂಬುದನ್ನು ಇಲ್ಲಿ ವಿವರಿಸಲು ಯತ್ನಿಸಿದ್ದೇವೆ.

ಹಿಂದೆ ಹೇಗಿತ್ತು?

ಹಿರಿಯ ಸದಸ್ಯರಿಗೆ ಟ್ರಂಕ್ ಕಾಲ್‌ನ ಕಾಲ ನೆನಪಿರಬಹುದು. ಮಂಗಳೂರಿಗೋ ಬೆಂಗಳೂರಿಗೋ ಮಾತಾಡಬೇಕಾದರೆ ಎಕ್ಸ್‌ಚೇಂಜಿಗೆ ಹೇಳಿ ಕರೆ ಕಾದಿರಿಸಿ, ಗಂಟೆಗಟ್ಟಲೆ ಕಾಯಬೇಕಾಗಿತ್ತು. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಎಂದು ದರದಲ್ಲಿ ಮೂರು ಬಗೆ. ಆಗ ಯಾರ ಕರೆ, ಯಾವ ಊರಿನಿಂದ ಎಂಬುದು ಆಪರೇಟರಿಗೆ ಗೊತ್ತು. ಅವರು ಹೇಳಿದ ಮೇಲೆಯೇ ನಮಗೆ ಮಾತಿನ ಜೋಡಣೆ ಸಿಗುತ್ತಿತ್ತು. ಅಂದರೆ ಕರೆ ಮಾಡಿದವರ ಗುರುತು ಆಗ ಮರೆಯಾಗಿರಲಿಲ್ಲ.

1960ರಲ್ಲಿ ಲಖನೌ ಮತ್ತು ಕಾನ್ಪುರಗಳ ನಡುವೆ ಎಸ್.ಟಿ.ಡಿ. ಆರಂಭವಾಯಿತು. ಮುಂದೆ ಒಂದೊಂದೇ ಊರಿಗೆ ಅದು ಬಂದಂತೆ ನಡುವಿನ ಆಪರೇಟರು ಹಿಂದೆ ಸರಿದರು. ಗಂಟೆ ಬಾರಿಸಿದರೆ ಎತ್ತಬೇಕು, ಎತ್ತಿದ ಮೇಲೆಯೇ ಯಾರೆಂದು ತಿಳಿಯಬೇಕು. ಆ ಕಡೆಯವರು ಮಾತಾಡದೆ ಇಟ್ಟುಬಿಟ್ಟರೆ ಯಾರೆಂದು ತಿಳಿಯುವ ದಾರಿಯೇ ಇರಲಿಲ್ಲ. ಆ ಕಾಲದಲ್ಲಿ ಎಲ್ಲರ ನಂಬರೂ ತಾನಾಗಿಯೇ ಮರೆಯಾಗಿತ್ತು ಎನ್ನಬಹುದು.

ಎಲೆಕ್ಟ್ರಾನಿಕ್ ಎಕ್ಸ್‌ಚೇಂಜುಗಳು ಬಂದ ಮೇಲೆ ಈ ಸ್ಥಿತಿ ಬದಲಾಯಿತು. 1984ರಲ್ಲಿ ಸ್ಥಾಪನೆಯಾದ ಸರ್ಕಾರಿ ಸಂಸ್ಥೆ ಸಿ-ಡಾಟ್, ಹಳ್ಳಿಗಳ ಧೂಳು ಸೆಕೆಗಳನ್ನು ತಾಳಬಲ್ಲ 128 ಜೋಡಣೆಗಳ ಚಿಕ್ಕ ಎಕ್ಸ್‌ಚೇಂಜನ್ನು ರೂಪಿಸಿತು. ಅದು 1986ರಲ್ಲಿ ಮೊದಲು ಕೆಲಸಕ್ಕೆ ತೊಡಗಿದ್ದು ನಮ್ಮ ರಾಜ್ಯದ ಕಿತ್ತೂರಿನಲ್ಲಿ ಎಂಬುದು ನಮಗೆ ಹೆಮ್ಮೆಯ ಸಂಗತಿ. 1995ರಲ್ಲಿ ದೇಶಕ್ಕೆ ಮೊಬೈಲು ಬಂತು. ಅದರೊಂದಿಗೆ ಕರೆ ಮಾಡಿದವರ ನಂಬರು ಪರದೆಯ ಮೇಲೆ ಮೂಡುವ ಸೌಕರ್ಯವೂ ಬಂದು, ಈಗ ಅದು ಎಲ್ಲರಿಗೂ ಮಾಮೂಲಾಗಿದೆ.

ನಂಬರು ಸಾಗುವ ಬಗೆ

ಈಗಿನ ವ್ಯವಸ್ಥೆಯಲ್ಲಿ ಮಾತು ಸಾಗುವ ಹಾದಿ ಬೇರೆ, ಮಾತಿಗೆ ಮೊದಲು ಎಕ್ಸ್‌ಚೇಂಜುಗಳ ನಡುವೆ ಓಡಾಡುವ ಸಂದೇಶದ ಹಾದಿ ಬೇರೆ. ನಾವು ಕರೆ ಒತ್ತಿದ ಕೂಡಲೇ ನಮ್ಮ ಕಡೆಯ ಎಕ್ಸ್‌ಚೇಂಜು ಆ ಕಡೆಯದಕ್ಕೆ ಒಂದು ಚೀಟಿ ಕಳಿಸುತ್ತದೆ ಎಂದು ತಿಳಿಯಿರಿ. ಅದರಲ್ಲಿ ಯಾರನ್ನು ಕರೆಯಬೇಕು, ಯಾರು ಕರೆಯುತ್ತಿದ್ದಾರೆ ಎಂಬ ಎರಡು ನಂಬರುಗಳಿರುತ್ತವೆ. ಮೂರನೆಯದಾಗಿ, 'ಕರೆಯುವವರ ನಂಬರನ್ನು ತೋರಿಸಬಹುದು' ಅಥವಾ 'ತೋರಿಸಬಾರದು' ಎಂಬ ಒಂದು ಚಿಕ್ಕ ಗುರುತೂ ಇರುತ್ತದೆ.

ಗಮನಿಸಬೇಕಾದ ಮಾತು ಇದೇ. 'ತೋರಿಸಬಾರದು' ಎಂಬ ಗುರುತು ಇದ್ದರೂ ನಂಬರು ಚೀಟಿಯಲ್ಲಿ ಇದ್ದೇ ಇರುತ್ತದೆ. ಕೊನೆಯ ಎಕ್ಸ್‌ಚೇಂಜು ಅದನ್ನು ಓದಿಕೊಂಡು, ಎದುರಿನವರ ಪರದೆಗೆ ಮಾತ್ರ ಕೊಡದೆ ತಡೆಹಿಡಿಯುತ್ತದೆ. ಆಗ ಅಲ್ಲಿ 'ಪ್ರೈವೇಟ್ ನಂಬರ್' ಎಂದೋ ಅಂಥದೇ ಬೇರೆ ಮಾತೋ ಕಾಣುತ್ತದೆ.

ನಮ್ಮ ವ್ಯವಹಾರದಿಂದಲೇ ಒಂದು ಹೋಲಿಕೆ ಕೊಡಬಹುದು. ಅಡಿಕೆಯ ರಾಶಿಯ ಮೇಲೆ ಬೆಳೆಗಾರರ ಹೆಸರು ಬರೆಯದೆ ಬರೀ ಲಾಟ್ ನಂಬರು ಹಾಕಿ ಟೆಂಡರಿಗೆ ಇಟ್ಟಿದ್ದಾರೆ ಎನ್ನಿ. ಖರೀದಿದಾರನಿಗೆ ರಾಶಿ ಯಾರದೆಂದು ತಿಳಿಯದು. ಆದರೆ ಸಂಘದ ಲೆಡ್ಜರಿನಲ್ಲಿ ಹೆಸರಿದೆ, ಖಾತೆಯಿದೆ, ಚೀಲದ ಲೆಕ್ಕವಿದೆ. ಟೆಲಿಫೋನು ನಂಬರು ಮರೆಸುವುದೂ ಹೀಗೆಯೇ. ಎದುರಿನವರಿಂದ ಮರೆಸಬಹುದು, ಲೆಡ್ಜರಿನಿಂದ ಮರೆಸಲಾಗದು. ಕರೆಗಳ ಈ ಲೆಡ್ಜರನ್ನು ನಮ್ಮ ದೇಶದ ಕಂಪೆನಿಗಳು ಕನಿಷ್ಠ 2 ವರ್ಷ ಇಟ್ಟುಕೊಳ್ಳಬೇಕೆಂದು 2021ರ ಡಿಸೆಂಬರಿನಲ್ಲಿ ಲೈಸೆನ್ಸಿನ ಷರತ್ತನ್ನು ತಿದ್ದಲಾಗಿದೆ.

ಹೊರದೇಶಗಳ ಪದ್ಧತಿ

ಅಮೆರಿಕದಲ್ಲಿ ನಂಬರು ತೋರಿಸುವ ಸೌಕರ್ಯ 1980ರ ದಶಕದ ಕೊನೆಯಲ್ಲಿ ಬಂದಾಗ ದೊಡ್ಡ ಚರ್ಚೆಯೇ ನಡೆಯಿತು. ಪೀಡಿಸುವ ಕರೆಗಳು ನಿಲ್ಲುತ್ತವೆ ಎಂದು ಕೆಲವರು ಸ್ವಾಗತಿಸಿದರು. ಹೊಡೆಯುವ ಗಂಡನಿಂದ ತಪ್ಪಿಸಿಕೊಂಡು ಆಶ್ರಯಧಾಮದಲ್ಲಿರುವ ಹೆಂಗಸು ಮಕ್ಕಳ ಜೊತೆ ಮಾತಾಡಲು ಫೋನು ಮಾಡಿದರೆ ಅವಳಿರುವ ಜಾಗ ಬಯಲಾಗುವುದಿಲ್ಲವೇ ಎಂದು ಇತರರು ಕೇಳಿದರು. ಎರಡೂ ಕಡೆ ನ್ಯಾಯವಿತ್ತು. ಕೊನೆಗೆ, ನಂಬರು ಕಾಣಲಿ, ಬೇಡವೆಂದವರಿಗೆ ಮರೆಸುವ ಹಕ್ಕೂ ಇರಲಿ ಎಂಬ ತೀರ್ಮಾನವಾಯಿತು. 1995ರಿಂದ ಅಲ್ಲಿ ದೇಶಕ್ಕೆಲ್ಲ ಒಂದೇ ಸಂಕೇತ: ನಂಬರಿನ ಮೊದಲು *67 ಒತ್ತಿದರೆ ಆ ಒಂದು ಕರೆಯ ಮಟ್ಟಿಗೆ ನಂಬರು ಕಾಣದು. ಕೆನಡಾದಲ್ಲೂ ಇದೇ ಸಂಕೇತ. ಬ್ರಿಟನ್ನಿನಲ್ಲಿ 141, ಆಸ್ಟ್ರೇಲಿಯಾದಲ್ಲಿ 1831, ಜಪಾನಿನಲ್ಲಿ 184. ಮೊಬೈಲು ವ್ಯವಸ್ಥೆಗೆ ಸಾಮಾನ್ಯವಾಗಿ ಗೊತ್ತುಮಾಡಿರುವ ಸಂಕೇತ #31#.

ಅಲ್ಲಿಯೂ ಈ ಹಕ್ಕಿಗೆ ಮಿತಿಯಿದೆ. ಅಮೆರಿಕದಲ್ಲಿ ಕರೆಯ ಹಣವನ್ನು ಕರೆಸಿಕೊಂಡವರೇ ತೆರುವ 800ರ ಸಾಲಿನ ನಂಬರುಗಳಿಗೆ *67 ಒತ್ತಿದರೂ ನಂಬರು ಹೋಗುತ್ತದೆ. ಪೊಲೀಸು, ಆಂಬುಲೆನ್ಸಿನ ತುರ್ತು ಸೇವೆಗಳಿಗೂ ಕಾಣುತ್ತದೆ. ಅದಲ್ಲದೆ, ನಂಬರಿಲ್ಲದ ಕರೆಯನ್ನು ಎತ್ತದಿರುವ ಹಕ್ಕು ಎದುರಿನವರಿಗೂ ಇದೆ. ಅಂಥ ಕರೆಗಳನ್ನು ತಾನಾಗಿಯೇ ತಿರಸ್ಕರಿಸುವ ಸೌಕರ್ಯವೂ ಅಲ್ಲಿ ಸಿಗುತ್ತದೆ.

ನಮ್ಮ ದೇಶದ ನಿಯಮ

ಹೊರದೇಶದ ಬಂಧುಗಳು ಹೇಳಿಕೊಟ್ಟ ಸಂಕೇತ ಇಲ್ಲಿ ಏಕೆ ನಡೆಯುವುದಿಲ್ಲ ಎಂಬುದಕ್ಕೆ ಉತ್ತರ ನಮ್ಮ ಟೆಲಿಫೋನು ಕಂಪೆನಿಗಳಿಗೆ ಕೇಂದ್ರ ಸರ್ಕಾರ ಕೊಡುವ ಲೈಸೆನ್ಸಿನಲ್ಲಿಯೇ ಇದೆ. ನಂಬರು ಮರೆಸುವ ಸೌಕರ್ಯವನ್ನು ಗ್ರಾಹಕರಿಗೆ ಸಾಮಾನ್ಯವಾಗಿ ಕೊಡಕೂಡದು. ಯಾರಾದರೂ ಕೇಳಿದರೆ ಕಾರಣವನ್ನು ಸರಿಯಾಗಿ ಪರಿಶೀಲಿಸಿದ ಮೇಲೆಯೇ ಕೊಡಬೇಕು. ಪಡೆದವರ ಹೆಸರು ವಿಳಾಸಗಳ ಪಟ್ಟಿ ಅಧಿಕಾರ ಪಡೆದ ಸರ್ಕಾರಿ ಸಂಸ್ಥೆಗಳಿಗೆ ನೋಡಲು ಸಿಗುವಂತಿರಬೇಕು. ಕಾಲ್ ಸೆಂಟರುಗಳಿಗೂ, ಫೋನಿನ ಮೂಲಕ ಮಾರಾಟ ಮಾಡುವವರಿಗೂ, ಒಟ್ಟೊಟ್ಟಿಗೆ ಪಡೆದ ಸಂಪರ್ಕಗಳಿಗೂ ಕೊಡಲೇಬಾರದು. ಇದು ನಿಯಮದ ಸಾರಾಂಶ.

ಆದ್ದರಿಂದ ನಮ್ಮಂಥ ಸಾಧಾರಣ ಚಂದಾದಾರರು #31# ಒತ್ತಿದರೆ ಕರೆಯೇ ಹೋಗದಿರಬಹುದು, ಇಲ್ಲವೆ ನಂಬರು ಎಂದಿನಂತೆ ಕಾಣಬಹುದು. ಫೋನಿನ ಸೆಟ್ಟಿಂಗಿನಲ್ಲಿ 'ನಂಬರು ಮರೆಮಾಡು' ಎಂಬ ಆಯ್ಕೆ ಇರುವುದನ್ನು ಕೆಲವರು ತೋರಿಸುತ್ತಾರೆ. ಆ ಫೋನು ಎಲ್ಲ ದೇಶಗಳಿಗೂ ತಯಾರಾದದ್ದು, ಹಾಗಾಗಿ ಆಯ್ಕೆ ಇದೆ. ಕಂಪೆನಿ ಅನುಮತಿ ಕೊಡದೆ ಅದು ಕೆಲಸ ಮಾಡದು.

ಅಡ್ಡದಾರಿಗಳ ಅಪಾಯ

ಕಂಪೆನಿ ಕೊಡದಿದ್ದರೆ ಬೇರೆ ಉಪಾಯ ಮಾಡೋಣ ಎಂದು ಹೊರಟವರು ಕೈಸುಟ್ಟುಕೊಳ್ಳುವ ಸಂಭವ ಹೆಚ್ಚು. ಮುಖ್ಯವಾಗಿ ಎರಡು ಅಪಾಯಗಳನ್ನು ಸದಸ್ಯರು ತಿಳಿದಿರಬೇಕು.

ಮೊದಲನೆಯದು, ಗುರುತಿಲ್ಲದವರು ಹೇಳಿಕೊಡುವ ಸಂಕೇತಗಳು. ನಂಬರು ಮರೆಸಲು ಎಂದೋ, ಪಾರ್ಸೆಲ್ ತಲುಪಿಸಲು ಎಂದೋ, ಸಿಮ್ ಸರಿಪಡಿಸಲು ಎಂದೋ ನೆಪ ಹೇಳಿ *21* ಎಂದು ಒತ್ತಿಸಿ, ಅದರ ಮುಂದೆ ತಮ್ಮದೊಂದು ನಂಬರು ಸೇರಿಸಲು ಹೇಳುತ್ತಾರೆ. ಅದು ನಂಬರು ಮರೆಸುವ ಸಂಕೇತವಲ್ಲ. ನಮಗೆ ಬರುವ ಕರೆಗಳನ್ನೆಲ್ಲ ಇನ್ನೊಂದು ನಂಬರಿಗೆ ತಿರುಗಿಸುವ ಸಂಕೇತ. ಒಮ್ಮೆ ಹೀಗೆ ಮಾಡಿದರೆ ಕರೆಯ ಮೂಲಕ ಬರುವ ಓ.ಟಿ.ಪಿ. ನೇರವಾಗಿ ಮೋಸಗಾರನ ಕಿವಿಗೆ ಬೀಳುತ್ತದೆ. 2024ರ ಏಪ್ರಿಲ್ 15ರಿಂದ *401#ನಂಥ ಸಂಕೇತಗಳಿಂದ ಕರೆ ತಿರುಗಿಸುವುದನ್ನು ನಿಲ್ಲಿಸುವಂತೆ ದೂರಸಂಪರ್ಕ ಇಲಾಖೆಯು ಕಂಪೆನಿಗಳಿಗೆ ಆದೇಶಿಸಿದ್ದು ಇದೇ ಕಾರಣಕ್ಕೆ. ಯಾರಾದರೂ ತಪ್ಪಿ ಒತ್ತಿದ್ದರೆ ##002# ಒತ್ತಿ ಕರೆ ಮಾಡಿದಲ್ಲಿ ಎಲ್ಲ ತಿರುವುಗಳೂ ರದ್ದಾಗುತ್ತವೆ. ಇದನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಎರಡನೆಯದು, ಬೇರೆ ನಂಬರು ತೋರಿಸುತ್ತೇವೆ ಎನ್ನುವ ಆ್ಯಪ್‌ಗಳು. ನಂಬರು ಮರೆಸುವುದು ಬೇರೆ, ಸುಳ್ಳು ನಂಬರಿನ ವೇಷ ಹಾಕುವುದು ಬೇರೆ. 2023ರ ದೂರಸಂಪರ್ಕ ಅಧಿನಿಯಮದ 42ನೆಯ ಕಲಮಿನ ಪ್ರಕಾರ ಟೆಲಿಫೋನಿನ ಗುರುತನ್ನು ತಿದ್ದುವುದಕ್ಕೆ 3 ವರ್ಷಗಳವರೆಗೆ ಸಜೆ, ಇಲ್ಲವೆ 50 ಲಕ್ಷ ರೂಪಾಯಿಗಳವರೆಗೆ ದಂಡ, ಇಲ್ಲವೆ ಎರಡೂ ಇದೆ. ಈ ಕಲಮು 2024ರ ಜೂನ್ 26ರಿಂದ ಜಾರಿಯಲ್ಲಿದೆ. ಗುರುತು ಮರೆಸಿಕೊಂಡು ಯಾರಿಗಾದರೂ ಬೆದರಿಕೆ ಹಾಕಿದರೆ, ಬೆದರಿಕೆಯ ಶಿಕ್ಷೆಯ ಮೇಲೆ ಇನ್ನೂ 2 ವರ್ಷಗಳವರೆಗೆ ಹೆಚ್ಚುವರಿ ಸಜೆಯನ್ನು ಭಾರತೀಯ ನ್ಯಾಯ ಸಂಹಿತೆಯ 351ನೆಯ ಕಲಮು ಹೇಳುತ್ತದೆ. ಬೇಲಿಯ ಜಗಳಕ್ಕೋ ನೀರಿನ ತಕರಾರಿಗೋ ನೆರೆಯವರನ್ನು ಹೆದರಿಸಲು ಯಾರದೋ ಫೋನಿನಿಂದ ಕರೆ ಮಾಡಿಸುವವರು ಇದನ್ನು ನೆನಪಿಡಬೇಕು.

ಇನ್ನೊಬ್ಬರ ಹೆಸರಿನ ಸಿಮ್

ನಂಬರು ಮರೆಸಲು ಕೆಲವರು ಹಿಡಿಯುವ ಮತ್ತೊಂದು ದಾರಿ, ಬೇರೆಯವರ ಹೆಸರಿನ ಸಿಮ್ ಬಳಸುವುದು. ಇದು ನಮ್ಮ ಕಡೆ ತಿಳಿಯದೆಯೂ ನಡೆಯುತ್ತಿದೆ. ದೂರದ ರಾಜ್ಯಗಳಿಂದ ಎಸ್ಟೇಟಿಗೆ ಬಂದ ಕೆಲಸದವರಿಗೆ ದಾಖಲೆ ಸಾಲದಿದ್ದಾಗ ಮಾಲೀಕರೋ ರೈಟರೋ ಮೇಸ್ತ್ರಿಯೋ ಕನಿಕರದಿಂದ ತಮ್ಮ ಹೆಸರಿನಲ್ಲಿ ಸಿಮ್ ತೆಗೆದುಕೊಡುತ್ತಾರೆ. ಕೆಲಸದವರು ಸೀಸನ್ ಮುಗಿಸಿ ಹೊರಟುಹೋಗುತ್ತಾರೆ, ಸಿಮ್ ಕೈಯಿಂದ ಕೈಗೆ ದಾಟುತ್ತದೆ. ಅದರಿಂದ ನಾಳೆ ಯಾರಾದರೂ ಮೋಸದ ಕರೆ ಮಾಡಿದರೆ ಎಕ್ಸ್‌ಚೇಂಜಿನ ಲೆಡ್ಜರಿನಲ್ಲಿ ಸಿಗುವುದು ಸಿಮ್ ಕೊಡಿಸಿದವರ ಹೆಸರು. ಪೊಲೀಸರು ಮೊದಲು ಬರುವುದೂ ಅವರ ಮನೆಗೇ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆಯನ್ನು ಅಡಿಕೆ ಬೆಳೆಯುವ ನಾವು ಮರೆಯಬಾರದು.

ಒಬ್ಬರ ಹೆಸರಿನಲ್ಲಿ ಸಾಮಾನ್ಯವಾಗಿ 9 ಸಿಮ್‌ಗಳವರೆಗೆ ಇರಬಹುದು. ನಮ್ಮ ಹೆಸರಿನಲ್ಲಿ ಎಷ್ಟು ನಂಬರುಗಳಿವೆ ಎಂಬುದನ್ನು ಸರ್ಕಾರದ 'ಸಂಚಾರ ಸಾಥಿ' ತಾಣದಲ್ಲಿಯೋ ಆ್ಯಪ್‌ನಲ್ಲಿಯೋ ನೋಡಬಹುದು. ನಮ್ಮದಲ್ಲದ ನಂಬರು ಕಂಡರೆ 'ಇದು ನನ್ನದಲ್ಲ' ಎಂದು ಅಲ್ಲಿಯೇ ತಿಳಿಸಬಹುದು. ವರ್ಷಕ್ಕೊಮ್ಮೆಯಾದರೂ, ಕೊಯ್ಲಿನ ಲೆಕ್ಕ ಚುಕ್ತಾ ಮಾಡುವಾಗ ಇದನ್ನೂ ಒಮ್ಮೆ ನೋಡಿಬಿಡುವುದು ವಿವೇಕ.

ಕಂಡ ನಂಬರೆಲ್ಲ ನಿಜವಲ್ಲ

ನಮ್ಮ ನಂಬರು ಮರೆಸುವ ಮಾತಾಡುವಾಗ, ನಮಗೆ ಕಾಣುವ ನಂಬರಿನ ವಿಷಯವನ್ನೂ ಹೇಳಬೇಕು. ಹೊರದೇಶದಲ್ಲಿ ಕುಳಿತವರು ನಮ್ಮ ದೇಶದ ನಂಬರಿನ ವೇಷ ಹಾಕಿ ಕರೆ ಮಾಡುವುದು ವಿಪರೀತವಾದಾಗ, ಅಂಥ ಕರೆಗಳನ್ನು ಗಡಿಯಲ್ಲಿಯೇ ತಡೆಯುವ ಏರ್ಪಾಡನ್ನು ಕೇಂದ್ರ ಸರ್ಕಾರ 2024ರ ಅಕ್ಟೋಬರಿನಲ್ಲಿ ಆರಂಭಿಸಿತು. ಮೊದಲ 24 ಗಂಟೆಗಳಲ್ಲಿಯೇ ಸುಮಾರು 1 ಕೋಟಿ 35 ಲಕ್ಷ ಕರೆಗಳನ್ನು ತಡೆಯಲಾಯಿತೆಂದು ಸರ್ಕಾರವೇ ಪ್ರಕಟಿಸಿದೆ. ಆದುದರಿಂದ ಪರದೆಯಲ್ಲಿ ಕಂಡ ನಂಬರನ್ನೇ ನಂಬಿ, ಪೊಲೀಸರೆಂದೋ ಬ್ಯಾಂಕಿನವರೆಂದೋ ಹೇಳಿದವರಿಗೆ ಹಣ ಕಳಿಸಬಾರದು. ಬ್ಯಾಂಕು ಮೊದಲಾದ ಹಣಕಾಸು ಸಂಸ್ಥೆಗಳ ಸೇವಾ ಕರೆಗಳಿಗೆ 1600ರಿಂದ ಆರಂಭವಾಗುವ ಸಾಲನ್ನೂ, ಮಾರಾಟದ ಪ್ರಚಾರಕ್ಕೆ 140ರ ಸಾಲನ್ನೂ ಮೀಸಲಿಡಲಾಗಿದೆ. ಸಂಶಯ ಬಂದರೆ ಕರೆ ಕಡಿದು, ಪಾಸ್‌ಬುಕ್ಕಿನಲ್ಲಿ ಅಚ್ಚಾಗಿರುವ ನಂಬರಿಗೆ ನಾವೇ ಕರೆ ಮಾಡಿ ಕೇಳುವುದು ಉತ್ತಮ.

ನಂಬರಿನ ಜೊತೆಗೆ ಹೆಸರನ್ನೂ ತೋರಿಸಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2024ರ ಫೆಬ್ರವರಿಯಲ್ಲಿ ಶಿಫಾರಸು ಮಾಡಿದೆ. ಸಿಮ್ ಯಾರ ಹೆಸರಿನಲ್ಲಿದೆಯೋ ಆ ಹೆಸರು ಎದುರಿನವರಿಗೆ ಕಾಣುವ ಏರ್ಪಾಡು ಇದು. ನಮ್ಮಲ್ಲಿ ಎಷ್ಟೋ ಮನೆಗಳ ಸಿಮ್ ತೀರಿಕೊಂಡ ತಂದೆಯ ಹೆಸರಿನಲ್ಲೋ ಊರು ಬಿಟ್ಟ ಮಗನ ಹೆಸರಿನಲ್ಲೋ ಇದೆ. ಅವನ್ನು ಬಳಸುವವರ ಹೆಸರಿಗೆ ಬದಲಾಯಿಸಿಕೊಳ್ಳುವುದು ಒಳಿತು.

ಹಾಗಾದರೆ ಮಾಡುವುದೇನು?

ನಂಬರು ಮರೆಸಲಾಗದು ಎಂದ ಮಾತ್ರಕ್ಕೆ ಕೈಕಟ್ಟಿ ಕೂರಬೇಕಾಗಿಲ್ಲ. ಕಾಯಬೇಕಾದದ್ದು ನಂಬರನ್ನಲ್ಲ, ಮನೆಯ ನೆಮ್ಮದಿಯನ್ನು. ಅದಕ್ಕೆ ಕಾನೂನಿಗೆ ಒಪ್ಪುವ ದಾರಿಗಳಿವೆ.

1. ವ್ಯಾಪಾರಕ್ಕೇ ಬೇರೆ ನಂಬರು ಇಟ್ಟುಕೊಳ್ಳಿ. ಈಗಿನ ಹೆಚ್ಚಿನ ಫೋನುಗಳಲ್ಲಿ ಎರಡು ಸಿಮ್‌ಗೆ ಜಾಗವಿದೆ. ಎರಡನೆಯದನ್ನು ನಿಮ್ಮದೇ ಹೆಸರಿನಲ್ಲಿ ಪಡೆದು, ದರ ವಿಚಾರಿಸಲು, ಮಾಲು ಮಾರಲು, ಜಾಹೀರಾತಿಗೆ ಅದನ್ನೇ ಕೊಡಿ. ಸಂಜೆಯಾದ ಮೇಲೆ ಆ ಸಿಮ್ ಮಾತ್ರ ಬಂದ್ ಮಾಡಿಡಬಹುದು.

2. ಬ್ಯಾಂಕು, ಆಧಾರ್‌ಗಳಿಗೆ ಕೊಟ್ಟ ನಂಬರನ್ನು ವ್ಯಾಪಾರದವರಿಗೆ ಕೊಡಬೇಡಿ. ವ್ಯಾಪಾರದ ನಂಬರನ್ನು ಬ್ಯಾಂಕಿಗೆ ಜೋಡಿಸಬೇಡಿ. 90 ದಿನ ಬಳಸದೆ ಬಿಟ್ಟ ಸಿಮ್ ರದ್ದಾಗಬಹುದು, ರದ್ದಾದ ನಂಬರು ಮುಂದೆ ಬೇರೊಬ್ಬರ ಕೈ ಸೇರುತ್ತದೆ.

3. ವಾಟ್ಸಾಪ್ ಗುಂಪಿಗೆ ಸೇರುವ ಮೊದಲು ಯೋಚಿಸಿ. ಸಾಧಾರಣ ಗುಂಪಿನಲ್ಲಿ ನಿಮ್ಮ ನಂಬರು ಇತರ ಸದಸ್ಯರಿಗೆಲ್ಲ ಕಾಣುತ್ತದೆ. ದರ ತಿಳಿಯುವುದಷ್ಟೇ ಉದ್ದೇಶವಾದರೆ ವಾಟ್ಸಾಪ್ ಚಾನೆಲ್ ಸಾಕು, ಅದರಲ್ಲಿ ಓದುವವರ ನಂಬರು ಇತರ ಓದುಗರಿಗೆ ಕಾಣದು.

4. ಪೀಡಿಸುವ ನಂಬರನ್ನು ಫೋನಿನಲ್ಲಿಯೇ ಬ್ಲಾಕ್ ಮಾಡಿ. ಮಾರಾಟದ ಕರೆಗಳು ಬೇಡವಾದರೆ 1909ಕ್ಕೆ ಕರೆ ಮಾಡಿ ನಂಬರು ನೋಂದಾಯಿಸಿ. ಮೋಸವೆಂದು ಸಂಶಯವಾದ ಕರೆಗಳನ್ನು ಸಂಚಾರ ಸಾಥಿಯ 'ಚಕ್ಷು' ವಿಭಾಗದಲ್ಲಿ ತಿಳಿಸಬಹುದು. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಕರೆ ಮಾಡಿ ಬೆದರಿಸುವವರಿದ್ದರೆ 112ಕ್ಕೆ ತಿಳಿಸಿ. ಬಂದ ದಿನ, ವೇಳೆ ಬರೆದಿಡಿ. ನಿಮ್ಮ ಪರದೆಯಲ್ಲಿ ನಂಬರು ಕಾಣದಿದ್ದರೂ ಲೆಡ್ಜರಿನಲ್ಲಿ ಅದು ಇದೆ, ಪೊಲೀಸರು ಅದನ್ನು ತರಿಸಿಕೊಳ್ಳಬಲ್ಲರು.

5. ಸಂಘದ ಫೋನನ್ನು ಬಳಸಿ. ಬಾಡಿಗೆ ಕಾರು ಕರೆಸುವ ಕೆಲವು ಕಂಪೆನಿಗಳು ಡ್ರೈವರನಿಗೂ ಪ್ರಯಾಣಿಕರಿಗೂ ನಡುವೆ ತಮ್ಮದೊಂದು ನಂಬರಿಟ್ಟು, ಇಬ್ಬರ ನಂಬರೂ ಪರಸ್ಪರ ಕಾಣದಂತೆ ಮಾತು ಜೋಡಿಸುತ್ತವೆ. ಸಹಕಾರ ಸಂಘ ಮೊದಲಿನಿಂದಲೂ ಮಾಡುತ್ತ ಬಂದದ್ದು ಇದೇ ನಡುವಿನ ಕೆಲಸವಲ್ಲವೇ? ಒಬ್ಬಂಟಿ ಬೆಳೆಗಾರರು ನಾಲ್ಕು ಮಂದಿ ವ್ಯಾಪಾರಿಗಳ ಮುಂದೆ ನಿಲ್ಲಬಾರದು ಎಂದೇ ಸಂಘಗಳು ಹುಟ್ಟಿದವು.

ನಮ್ಮ ಕಚೇರಿಗೆ ಬಂದಿದ್ದ ಆ ಸದಸ್ಯೆಗೂ ಇದನ್ನೇ ತಿಳಿಸಿದೆವು. ಅವರೀಗ ತಮ್ಮ ಹೆಸರಿನಲ್ಲೇ ಎರಡನೆಯ ಸಿಮ್ ಪಡೆದಿದ್ದಾರೆ. ಅದು ಬೆಳಿಗ್ಗೆ ಕೆಲಸದವರು ಬರುವ ಹೊತ್ತಿಗೆ ತೆರೆಯುತ್ತದೆ, ದೀಪ ಹಚ್ಚುವ ಹೊತ್ತಿಗೆ ಮುಚ್ಚುತ್ತದೆ. ಮನೆಯ ನಂಬರು ಮನೆಯವರಿಗಷ್ಟೇ. ಸಂಕೇತ ಒತ್ತುವ ಗೊಡವೆ ಬೇಡ, ಯಾರಿಗೂ ಹೆದರಬೇಕಾಗಿಯೂ ಇಲ್ಲ ಎಂದು ಮೊನ್ನೆ ಸಿಕ್ಕಾಗ ಹೇಳಿದರು.

ದರ ವಿಚಾರಣೆಗಾಗಿ ಸಂಘದ ಫೋನು ಬಳಸಬೇಕೆನ್ನುವವರು, ತಮ್ಮ ಹೆಸರಿನಲ್ಲಿರುವ ಸಿಮ್‌ಗಳನ್ನು ನೋಡಿಸಿಕೊಳ್ಳಬೇಕೆನ್ನುವವರು ಕಚೇರಿಯ ವೇಳೆಯಲ್ಲಿ ಬಂದು ಗುಮಾಸ್ತರನ್ನು ಕಾಣಬಹುದು. ಬರುವಾಗ ಫೋನು ಜೊತೆಗಿರಲಿ, ಓ.ಟಿ.ಪಿ.ಯನ್ನು ಮಾತ್ರ ನಮ್ಮವರಿಗೂ ಹೇಳದೆ ನೀವೇ ಒತ್ತಿ.